ನಿಧಾನದ ಹಂತ

ಪ್ರಶ್ನೆ ನಲವತ್ತೊಂದು. ಎರಡು ಅಂಕ. ಆಯ್ಕೆಗಳಿಲ್ಲ,
ಅಂಕಿಯಲ್ಲೇ ಬರೆಯಬೇಕು; ತಪ್ಪಿದರೆ ಕಳೆಯುವುದಿಲ್ಲ.
ಐದು ಹಂತದ ಪೈಪ್‌ಲೈನು.
ಹಿಡಿಯುವ ಹೊತ್ತು: ನಾಲ್ಕು, ಆರು, ಐದು, ಒಂಬತ್ತು, ಮೂರು.
ನೂರು ಆದೇಶ ಮುಗಿಯಲು ಒಟ್ಟು ಎಷ್ಟು?

ಕಾಜಾ ಮಷೀನಿನ ಹಲಗೆಯ ಮೇಲೆ
ಪುಸ್ತಕ ಅಂಗಾತ ಮಲಗಿದೆ. ಫ್ಯಾನಿಗೆ ಹಾಳೆ ಹಾರದಿರಲೆಂದು
ಎರಡು ಹಿತ್ತಾಳೆ ಗುಂಡಿ ಹೇರಿದ್ದೇನೆ.
ಕೌಲ್ ಬಜಾರಿಗೆ ಮೇ ತಿಂಗಳು. ಪರೀಕ್ಷೆ ಫೆಬ್ರವರಿಗೆ.

ಮೊದಲ ಸಲ ಓದಿದಾಗ ನಗು ಬಂತು.
ಈ ಪ್ರಶ್ನೆ ಬರೆದ ಮೇಷ್ಟ್ರು
ನಮ್ಮ ಪಡಸಾಲೆಗೆ ಯಾವಾಗ ಬಂದುಹೋದರು?
ಹೊನ್ನೂರ್ ಸಾಬ್ ಮಾಮ ಸುಣ್ಣದಲ್ಲಿ ಗೀಚಿ ಕತ್ತರಿಸುತ್ತಾನೆ,
ಹುಲಿಗೆಮ್ಮ ಪಕ್ಕೆ ಕೂಡಿಸುತ್ತಾಳೆ,
ಎರ್ರಿಸ್ವಾಮಿ ಅಣ್ಣ ಜಿಪ್ಪು,
ನಾನು ಕಾಜಾ, ಗುಂಡಿ,
ಕೊನೆಗೆ ಅವ್ವ, ಹೊಸ್ತಿಲಿಗೆ ಬೆನ್ನು ಕೊಟ್ಟು,
ಜೋತುಬಿದ್ದ ದಾರದ ಬಾಲಗಳನ್ನು ಕತ್ತರಿಸಿ
ಮಡಚಿ, ಅಂಗೈಯಿಂದೊಮ್ಮೆ ಸವರಿ, ರಾಶಿಗೆ ಸೇರಿಸುತ್ತಾಳೆ.
ಒಬ್ಬರ ಕೈಯಿಂದ ಇಳಿದದ್ದು ಇನ್ನೊಬ್ಬರ ಕೈಗೇರುವ ಮುಂಚೆ
ಸ್ವಲ್ಪ ಹೊತ್ತು ಕಾಯುವ ಜಾಗವಿದೆಯಲ್ಲ,
ಪುಸ್ತಕ ಅದನ್ನು ಲ್ಯಾಚ್ ಅನ್ನುತ್ತದೆ.
ನಾವು ಚಾಪೆ ಅನ್ನುತ್ತೇವೆ.

ಎಲ್ಲ ಕೂಡಿಸಿ ನೂರರಿಂದ ಗುಣಿಸಿದೆ: ಎರಡು ಸಾವಿರದ ಏಳುನೂರು.
ಕೊನೆಯ ಪುಟ ಒಪ್ಪಲಿಲ್ಲ.
ಅಳಿಸಿ ಸರಾಸರಿ ತೆಗೆದೆ. ಅದನ್ನೂ ಒಪ್ಪಲಿಲ್ಲ.
ಅಷ್ಟರಲ್ಲಿ ಕರೆಂಟು ಹೋಯಿತು.
ಮಷೀನುಗಳು ಒಟ್ಟಿಗೇ ಬಾಯಿ ಮುಚ್ಚಿದವು.
ಕಿಟಕಿಯಾಚೆ ಕೋಟೆ ಗುಡ್ಡದ ಬಂಡೆಗಳು
ರೊಟ್ಟಿ ಕಾಣದ ಹಂಚಿನಂತೆ ಸುಮ್ಮನೆ ಕಾಯುತ್ತಿದ್ದವು.
ಮಾಡಲು ಬೇರೇನಿಲ್ಲ; ಆದೇಶವಿದ್ದಲ್ಲಿ ಪ್ಯಾಂಟು ಅಂತ ತಿದ್ದಿ
ಲೆಕ್ಕ ಗಟ್ಟಿಯಾಗಿ ಓದಿದೆ.

ಅವ್ವ ಶಾಲೆಗೆ ಹೋದದ್ದು ಎರಡೇ ವರ್ಷ.
ಖಾಲಿ ಕತ್ತರಿಯನ್ನು ಸೆರಗಿಗೆ ಒರೆಸುತ್ತಾ ಅಂದಳು:
“ಕೂಡಿಸೋದ್ಯಾಕೆ? ಎಲ್ಲಾರೂ ಒಮ್ಮೆಲೇ ಮಾಡ್ತಿರ್ತೀವಲ್ಲ.
ಒಂಬತ್ತು ಹಿಡಿಯೋರು ಯಾರೋ, ಅವ್ರದೇ ಲೆಕ್ಕ.
ಮೂರು ನಿಮಿಷದಾಕಿ ಕೈ ಎಷ್ಟು ಜೋರಿದ್ರೇನು,
ಪ್ಯಾಂಟು ಬರಬೇಕಲ್ಲ ಕೈಗೆ.
ಮೊದಲನೇದಕ್ಕೆ ಐದು ಒಂಬತ್ತು,
ಆಮೇಲೆ ಒಂಬತ್ತಕ್ಕೊಂದು ಉದುರ್ತತೆ.”

ನೂರಾ ನಾಲ್ಕೊಂಬತ್ತಲೆ ಒಂಬೈನೂರ ಮೂವತ್ತಾರು.
ಕೊನೆಯ ಪುಟ ತಲೆಯಾಡಿಸಿತು.
“ಹಾಲ್ ಟಿಕೆಟ್ಟು ಅಕ್ಕನ ಹೆಸರಿಗೇ ತರಿಸ್ರಿ,” ಅಂದ ಹೊನ್ನೂರ್ ಸಾಬ್ ಮಾಮ.
ಹುಲಿಗೆಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು.

ನಾನೂ ನಕ್ಕೆ. ನಗುತ್ತಲೇ ಚಾಪೆ ನೋಡಿದೆ.
ಹೋದ ವರ್ಷ, ಈ ಪುಸ್ತಕ ಬರುವ ಮುಂಚೆ,
ಒಂದು ಪ್ಯಾಂಟಿಗೆ ನನಗೆ ಹಿಡಿಯುತ್ತಿದ್ದದ್ದು ಐದೇ ನಿಮಿಷ.
ಈಗ ಒಂದು ಕಾಜಾ, ಒಂದು ಸಾಲು;
ಒಂದು ಗುಂಡಿ, ಮತ್ತೆ ಅದೇ ಸಾಲು.
ಮೊಣಕಾಲ ಪಕ್ಕ ಹನ್ನೊಂದು ಪ್ಯಾಂಟು
ಕಾಲು ಮಡಚಿಕೊಂಡು ನನ್ನ ಸರದಿಗೆ ಕೂತಿವೆ.
ಅವ್ವನ ಮುಂದೆ ಬರೀ ನೆಲ.

ಪುಸ್ತಕದಲ್ಲಿಲ್ಲದ ಪ್ರಶ್ನೆ:
ಒಂಬತ್ತು ಮತ್ತೆ ಐದಾದರೆ?
ಆಗ ಹುಲಿಗೆಮ್ಮನ ಆರೇ ದೊಡ್ಡದು,
ನೂರಾ ನಾಲ್ಕಾರಲೆ ಆರುನೂರ ಇಪ್ಪತ್ನಾಲ್ಕು.
ಉಳಿದದ್ದು ಮುನ್ನೂರ ಹನ್ನೆರಡು;
ನೂರು ಪ್ಯಾಂಟಿಗೆ ಐದು ತಾಸು, ಮೇಲೆ ಹನ್ನೆರಡು ನಿಮಿಷ.
ಸೇಟು ಗಡುವು ಮುಂದೆ ಹಾಕಿದ್ದು ನೆನಪಿಲ್ಲ,
ಶನಿವಾರದ ಗಂಟು ಒಮ್ಮೆಯೂ ತಪ್ಪಿದ್ದಿಲ್ಲ.
ಹತ್ತು ತಿಂಗಳಿಂದ ಆ ತಾಸುಗಳನ್ನು
ಯಾರು, ಎಲ್ಲಿಂದ ತಂದು ತುಂಬಿದರು?
ನಡುರಾತ್ರಿ ನಿದ್ದೆಯೊಳಗೆ ಕೇಳುವ ಟಕ್ ಟಕ್
ಹಲ್ಲಿ ಅಂದುಕೊಂಡಿದ್ದೆ.

ಕರೆಂಟು ಬಂತು. ಹುಲಿಗೆಮ್ಮನ ಮಷೀನು ಮೊದಲು ಗುಡುಗಿತು.
ಏನೋ ಹೇಳಲು ಬಾಯಿ ತೆರೆದೆ.
“ನಲವತ್ತೆರಡು ಏನಂತೆ, ಓದು ಪಂಪಿ,” ಅಂದಳು ಅವ್ವ
ನನ್ನ ಚಾಪೆಯಿಂದ ಎರಡು ಪ್ಯಾಂಟು
ಸದ್ದಿಲ್ಲದೆ ತನ್ನತ್ತ ಎಳೆದುಕೊಳ್ಳುತ್ತಾ.

ಹಾಳೆಯ ಮೇಲಿನ ಗುಂಡಿಗಳನ್ನು ತೆಗೆದೆ.
ಒಂದನ್ನು ಸೊಂಟಪಟ್ಟಿಗೆ ಒತ್ತಿದೆ, ಗಟ್ಟಿಯಾಗಿ.
ಫ್ಯಾನಿನ ಗಾಳಿಗೆ ಪುಟ ತಾನೇ ಮಗುಚಿಕೊಂಡಿತು.